ಕಾಗದಕ್ಕೆ ಬೇಡಿಕೆಯಿದೆ, ನಾರಿಗೆ ಬರ

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಹುಟ್ಟಿದ್ದು 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಪಕ್ಕದಲ್ಲಿ ಭದ್ರಾ ನದಿ, ಸುತ್ತ ಬಿದಿರಿನ ಕಾಡು. ಮುಂದೆ ಅದು ಪತ್ರಿಕೆಗಳಿಗೆ ಬೇಕಾದ ಕಾಗದವನ್ನೂ ತಯಾರಿಸಿತು, ಜೊತೆಗೊಂದು ಸಕ್ಕರೆ ಕಾರ್ಖಾನೆಯನ್ನೂ ಕಟ್ಟಿಕೊಂಡಿತು. ಕಳೆದ ದಶಕದ ನಡುವೆ ಯಂತ್ರಗಳು ನಿಂತುಹೋದವು. ಇದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ ದೇಶದಲ್ಲಿ ಕಾಗದದ ಬೇಡಿಕೆಯೇನೂ ಕುಗ್ಗಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ನೋಟ್‌ಬುಕ್ ಬೇಕು. ಆನ್‌ಲೈನ್ ವ್ಯಾಪಾರಕ್ಕೆ ರಟ್ಟಿನ ಪೆಟ್ಟಿಗೆ ಬೇಕು. ಪ್ಲಾಸ್ಟಿಕ್ ನಿಷೇಧದ ಬಳಿಕ ಕಾಗದದ ಚೀಲ, ಲೋಟಗಳೂ ಹೆಚ್ಚಿವೆ. ಕೊರತೆ ಇರುವುದು ನಾರಿನದು. 1988ರ ಅರಣ್ಯ ನೀತಿ, ಕಾರ್ಖಾನೆಗಳು ಕಾಡನ್ನು ನೆಚ್ಚದೆ ರೈತರಿಂದ ಮರ ಬೆಳೆಸಿಕೊಳ್ಳಲಿ ಎಂದಿತು. ನೀಲಗಿರಿ, ಸರ್ವೆ, ಸುಬಾಬುಲ್ ಹೊಲಗಳಲ್ಲಿ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಆದರೆ ಕಟಾವಿಗೆ ನಾಲ್ಕೈದು ವರ್ಷ ಕಾಯುವ ರೈತನಿಗೆ ಬೆಲೆಯ ಭರವಸೆ ಬೇಡವೇ? ಮರವೊಂದೇ ದಾರಿಯಲ್ಲ: ಕರೂರಿನ ಬಳಿಯ ತಮಿಳುನಾಡು ಸರ್ಕಾರದ ಕಾಗದ ಕಾರ್ಖಾನೆ ಕಬ್ಬಿನ ಸಿಪ್ಪೆಯಿಂದಲೇ ಬೆಳೆಯಿತು. ಸಕ್ಕರೆ ಕಾರ್ಖಾನೆಗಳು ಆ ಸಿಪ್ಪೆಯನ್ನು ತಮ್ಮ ಬಾಯ್ಲರ್‌ಗೆ ಉರುವಲಾಗಿ ಬಳಸುತ್ತವೆ; ಹಾಗಾಗಿ ಬದಲಿಗೆ ಅವಕ್ಕೆ ಇಂಧನವನ್ನೋ ಹಬೆಯನ್ನೋ ಕೊಡಬೇಕಾಯಿತು. ಭತ್ತದ ಹುಲ್ಲು ಅಗ್ಗ, ನಿಜ. ಆದರೆ ಅದರಲ್ಲಿರುವ ಸಿಲಿಕಾ ತಿರುಳು ಬೇಯಿಸಿದ ಕಪ್ಪು ದ್ರಾವಣಕ್ಕೆ ಸೇರಿ, ರಾಸಾಯನಿಕಗಳನ್ನು ಮರಳಿ ಪಡೆಯುವ ಕೆಲಸವನ್ನೇ ಕೆಡಿಸುತ್ತದೆ. ಸಣ್ಣ ಕಾರ್ಖಾನೆಗಳು ಆ ದ್ರಾವಣವನ್ನು ಹೊಳೆಗೆ ಬಿಟ್ಟದ್ದನ್ನು ನಾನು ಎಂದೂ ಸಮರ್ಥಿಸಲಾರೆ. ಉಳಿದದ್ದು ರದ್ದಿ. ನಮ್ಮ ಕಾರ್ಖಾನೆಗಳ ಬಹುಪಾಲು ಕಾಗದ ಇದರಿಂದಲೇ ಆಗುತ್ತದೆ, ಆದರೂ ಹಡಗಿನಲ್ಲಿ ವಿದೇಶಿ ರದ್ದಿ ತರಿಸುತ್ತೇವೆ. ಇಲ್ಲಿ ಮಾತ್ರ ಒಳ್ಳೆಯ ಬಿಳಿ ಹಾಳೆ ಸಾಂಬಾರಿನಲ್ಲಿ ನೆನೆದು ಹಸಿ ಕಸದೊಂದಿಗೆ ಲಾರಿ ಹತ್ತುತ್ತದೆ. ಒಣ ಕಾಗದವನ್ನು ಮನೆಬಾಗಿಲಲ್ಲೇ ಬೇರೆಯಾಗಿ ಕೊಳ್ಳುವ ವ್ಯವಸ್ಥೆಯನ್ನು ಪ್ರತಿ ನಗರಸಭೆಯೂ ಈಗಲೇ ಮಾಡಬೇಕು.