ಬಟ್ಟು ಮಡಚಿ ತಿಂಗಳಾ ಎಣಸೋರಿಗೆ

ನಮ್ಮ ಕಡೆ ಹೆಣ್ಣಮಕ್ಕಳು ಬಸರಾದ್ರ ಸಾಕು, ಓಣ್ಯಾಗಿನ ಮಂದೀಗೆಲ್ಲಾ ಗಣಿತ ಬರ್ತದ. ಹಾಲಿನ ಲೆಕ್ಕ ತಪ್ಪೋರು ಸೈತ ಕೂಸಿನ ಲೆಕ್ಕಾ ಬಟ್ಟು ಮಡಚಿ ಪಕ್ಕಾ ಮಾಡ್ತಾರ. "ಲಗ್ನ ಯಾವಾಗಾತು? ಹಡದದ್ದು ಯಾವಾಗ?" ಇಷ್ಟ ಕೇಳಿ ಸುಮ್ನಾಗ್ತಾರ. ಆ ಸುಮ್ನಿರೂದರಾಗನ ಹೇಳೂದೆಲ್ಲಾ ಹೇಳಿರ್ತಾರ.

ಹೋದ ವರ್ಷ ನಮಗ ಗೊತ್ತಿದ್ದ ಒಂದ ಮನ್ಯಾಗ ಹಿಂಗ ಆತು. ಮಗ ಮಿಲಿಟರಿಯಾಗಿದ್ದಾನ, ಮೇ 5ಕ್ಕ ರಜಾ ಹಾಕಿ ಬಂದ. ಜೂನ್ 5ಕ್ಕ ಸೊಸಿಗೆ ಸ್ಕ್ಯಾನ್ ಮಾಡಿಸಿದ್ರು. ರಿಪೋರ್ಟಿನಾಗ 6 ವಾರ 2 ದಿನ ಅಂತ ಇತ್ತು. ಅತ್ತಿ ಕ್ಯಾಲೆಂಡರ್ ಮುಂದ ನಿಂತು ಎಣಿಸಿದ್ರು. ಮಗ ಬಂದು ನಾಕೂವರಿ ವಾರ, ಕೂಸಿಗೆ ಆರ ವಾರ! ಆ ಹುಡುಗಿ ಎರಡ ದಿನ ಊಟಾ ಬಿಟ್ಟು ಅತ್ಲು.

ಲೆಕ್ಕದಾಗ ತಪ್ಪೇನೂ ಇರಲಿಲ್ರಿ. ಡಾಕ್ಟರು ವಾರ ಎಣಸೂದು ಬಸರು ನಿಂತ ದಿನದಿಂದ ಅಲ್ಲ, ಕಡೀ ಸಲ ಮುಟ್ಟಾದ ಮೊದಲನೇ ದಿನದಿಂದ. ಆ ಹುಡುಗಿ ಮುಟ್ಟಾಗಿದ್ದು ಏಪ್ರಿಲ್ 22ಕ್ಕ. ಅಂದ್ರ ಮೊದಲಿನ ಎರಡ ವಾರ ಹೊಟ್ಟ್ಯಾಗ ಕೂಸ ಇರೂದಿಲ್ಲ, ಲೆಕ್ಕದಾಗ ಇಷ್ಟ ಇರ್ತದ. ಸ್ಕ್ಯಾನ್ ಮಶೀನು ಕೂಸಿನ ಉದ್ದ ಅಳದ್ರೂ ಕಾಗದದ ಮ್ಯಾಲೆ ಬರೆಯೂದು ಇದ ಲೆಕ್ಕದಾಗನ.

ಹಿಂಗ್ಯಾಕ ಅಂದ್ರ, ಮುಟ್ಟಾದ ದಿನ ಹೆಂಗಸಿಗೆ ನೆನಪಿರ್ತದ, ಬಸರು ನಿಂತ ದಿನ ಯಾರಿಗೂ ಕಾಣಸೂದಿಲ್ಲ. ಗಂಡಸಿನ ವೀರ್ಯಾಣು ಒಳಗ ಐದ ದಿನದ ತನಕಾ ಬದುಕಿರಬಹುದು, ಹೆಂಗಸಿನ ಅಂಡಾಣು ಹೆಚ್ಚಂದ್ರ ಒಂದ ದಿನ. ಎರಡೂ ಕೂಡಿದ್ದು ಯಾವತ್ತು ಅಂತ ಗಂಡಾ ಹೆಂಡತಿಗೇ ಗೊತ್ತಾಗೂದಿಲ್ಲ, ಇನ್ನ ಮಗ್ಗಲ ಮನೀ ಕಾಕೂಗೆ ಹ್ಯಾಂಗ ಗೊತ್ತಾಗಬೇಕು?

ಲಗ್ನದ ಲೆಕ್ಕಾನೂ ಅಷ್ಟ. 37 ವಾರ ತುಂಬಿ ಹುಟ್ಟಿದ ಕೂಸಿಗೆ ದಿನಾ ತುಂಬದ ಹುಟ್ಟೇದ ಅಂತ ಡಾಕ್ಟರು ಅನ್ನೂದಿಲ್ಲ. ಅದರಾಗ ಮೊದಲಿನ ಎರಡ ವಾರ ತಗೀರಿ, ಉಳಿದದ್ದು 35 ವಾರ, ಬರೇ ಎಂಟ ತಿಂಗಳು. ಲಗ್ನಾದ ವಾರದಾಗ ಬಸರು ನಿಂತಾಕಿ ಎಂಟ ತಿಂಗಳಿಗೆ ದುಂಡನ್ನ ಕೂಸು ಹಡೀಬಹುದು. ಅದಕ್ಕೂ ಮೊದಲ ಹುಟ್ಟೋ ಕೂಸುಗಳೂ ಇರ್ತಾವ, ಅವಕ್ಕ ಬೇಕಾಗಿದ್ದು ಆರೈಕಿ, ನಿಮ್ಮ ಸಂಶಯ ಅಲ್ಲ.

ಇನ್ನ ತಾಯಿ ಕಾರ್ಡಿನ ಮ್ಯಾಲೆ ಬರೆಯೋ ಹೆರಿಗಿ ತಾರೀಖು. ಜರ್ಮನಿಯ ನೇಗಲೆ ಅನ್ನೋ ಡಾಕ್ಟರನ ಹೆಸರಿನ ಲೆಕ್ಕ ಅದು, ಆತ ಹುಟ್ಟಿದ್ದು 1778ರಾಗ. ಮುಟ್ಟಾದ ದಿನಕ್ಕ ಒಂಬತ್ತು ತಿಂಗಳು ಏಳ ದಿನ ಕೂಡಸೂದು. ಜನವರಿ 10 ಆದ್ರ ಅಕ್ಟೋಬರ್ 17. ನಮ್ಮ ಅಜ್ಜಿ ಒಂಬತ್ತು ತಿಂಗಳು ಒಂಬತ್ತು ದಿನ ಅಂತಿದ್ಲು, ಶಾಲಿ ಕಲೀದಾಕಿಗೂ ಆ ಡಾಕ್ಟರಗೂ ಎರಡ ದಿನದ ಫರಕು! ಆದ್ರ ಈ ಲೆಕ್ಕ 28 ದಿನಕ್ಕ ಮುಟ್ಟಾಗೋರಿಗೆ. 35 ದಿನಕ್ಕ ಆಗೋರಿಗೆ ಬಸರು ನಿಲ್ಲೂದ ಒಂದ ವಾರ ತಡಾ, ಹೆರಿಗೀನೂ ಅಷ್ಟ ತಡಾ. ಅದಕ್ಕ ಮೊದಲನೇ ಮೂರ ತಿಂಗಳಾಗ ಮಾಡಿಸಿದ ಸ್ಕ್ಯಾನ್ ನಂಬಬೇಕು, ಅದು ತಪ್ಪಿದ್ರೂ ಒಂದ ವಾರದೊಳಗ. ಒಂಬತ್ತನೇ ತಿಂಗಳ ಸ್ಕ್ಯಾನ್ ಮೂರ ವಾರ ಹಿಂದ ಮುಂದ ಆಗ್ತದ.

ಬರದ ತಾರೀಖಿಗೇ ಹುಟ್ಟೂದು ನೂರರಾಗ ನಾಕೈದ ಕೂಸು ಇಷ್ಟ. ಅದ ತಾರೀಖಿನ ಮುಂಜಾನೆ ಆರಕ್ಕ ಶುರು, "ಏನಾತು? ಇನ್ನೂ ಹಡದಿಲ್ಲಾ?" ಕುಕ್ಕರ್ ಸೀಟಿ ಏನ್ರಿ ಅದು, ಎಣಿಸಿ ಇಳಸಲಿಕ್ಕೆ?

ತಾರೀಖು ಬೇಕ ಬೇಕು, ಡಾಕ್ಟರಿಗೆ. 41 ವಾರ ದಾಟಿದ್ರ ಮನ್ಯಾಗ ಕೂಡಬಾರದು, ಕೂಸು ಆಡೂದು ಕಡಿಮಿ ಅನಿಸಿದ್ರ ಯಾವ ವಾರಾದ್ರೂ ಆ ಕ್ಷಣಕ್ಕ ದವಾಖಾನಿಗೆ ಹೋಗಬೇಕು. ಮಂದಿ ಫೋನ್ ಮಾಡೂದಿದ್ರ ಆವಾಗ ಮಾಡ್ರಿ, ಗಾಡಿ ತರಲೇನು ಅಂತ ಕೇಳಲಿಕ್ಕೆ.