ಬತ್ತೇರಿ ತೋರಿಸುವವರಿಗೆ ಎರಡು ಮಾತು

ಮಂಗಳೂರಿಗೆ ಬಂದ ನೆಂಟರನ್ನು ನಾವು ಬೋಳೂರಿನ ಸುಲ್ತಾನ್ ಬತ್ತೇರಿಗೆ ಕರೆದೊಯ್ಯುವುದುಂಟು. "1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಹಗೆಯ ಹಡಗು ಹೊಳೆಗೆ ನುಗ್ಗದಂತೆ ಕಾವಲು" ಎನ್ನುತ್ತೇವೆ. ನೆಂಟರು ಫಿರಂಗಿಯ ಕಿಂಡಿಯಲ್ಲಿ ಇಣುಕಿ, ಚಿತ್ರ ತೆಗೆದುಕೊಂಡು, ದೋಣಿ ಹತ್ತಿ ತಣ್ಣೀರುಬಾವಿಗೆ ಹೊರಡುತ್ತಾರೆ. ಇತಿಹಾಸದರ್ಶನ ಸಮಾಪ್ತಿ!

ಮೊನ್ನೆ ಗೆಳೆಯರೊಬ್ಬರು ಕೇಳಿಯೇಬಿಟ್ಟರು: "ಹಗೆ ಯಾರು? ಊರಿಗೆ ಏನಾಗಿತ್ತು?" ಜೊತೆಯಲ್ಲಿದ್ದ ನಾವು ನಾಲ್ವರೂ ಕಡಲ ಕಡೆ ನೋಡಿದೆವು.

ಆದದ್ದು ಇಷ್ಟು. 1783ರ ಮಾರ್ಚಿಯಲ್ಲಿ ಇಂಗ್ಲಿಷರು ಮಂಗಳೂರಿನ ಕೋಟೆಯನ್ನು ಹಿಡಿದರು. ಮೇ ತಿಂಗಳಲ್ಲಿ ಟಿಪ್ಪುವಿನ ಸೈನ್ಯ ಅದನ್ನು ಸುತ್ತುಗಟ್ಟಿತು. 1784ರ ಜನವರಿ 30ರಂದು ಕರ್ನಲ್ ಕ್ಯಾಂಪ್‌ಬೆಲ್ಲನ ದಂಡು ಶರಣಾಗುವಷ್ಟರಲ್ಲಿ ಹಸಿವೂ ರೋಗವೂ ಅದನ್ನು ಅರೆದುಹಾಕಿದ್ದವು. ಆ ದಂಡಿನಲ್ಲಿ ಹೆಚ್ಚಿನವರು ಈ ದೇಶದ ಸಿಪಾಯಿಗಳೇ. ಫೆಬ್ರವರಿಯಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಕರಾವಳಿಯ ಕ್ರೈಸ್ತರನ್ನು ಮುದುಕರು ಮಕ್ಕಳೆನ್ನದೆ ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಲೆಕ್ಕದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಹತ್ತಾರು ಸಾವಿರವೆನ್ನುತ್ತಾರೆ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಮಿಲಾಗ್ರಿಸ್ ಇಗರ್ಜಿ ನೆಲಸಮವಾಯಿತು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಗಿ, ಗೆದ್ದ ನೆಲವನ್ನು ಉಭಯಪಕ್ಷಗಳೂ ಹಿಂದಿರುಗಿಸಿದವು. ನೆಲ ಹಿಂದಿರುಗಿತು, ಜನ ಹಿಂದಿರುಗಲಿಲ್ಲ. ಬದುಕಿ ಉಳಿದವರಿಗೆ ಬಿಡುಗಡೆಯಾದದ್ದು ಟಿಪ್ಪು ಮಡಿದ 1799ರಲ್ಲಿ.

ಇದನ್ನು ಹೇಳಲು ನಮಗೇಕೆ ನಾಲಗೆ ಏಳದು? ಟಿಪ್ಪು ಕಂಪನಿಯೊಡನೆ ಕಾದಾಡಿದ ವೀರನೆಂಬವರು ಸೆರೆಯ ಮಾತು ಬಂದೊಡನೆ ಕೆಮ್ಮುತ್ತಾರೆ. ಸೆರೆಯ ಕಥೆ ಹೇಳುವವರಲ್ಲಿ ಕೆಲವರಿಗೆ ಸತ್ತವರ ಮೇಲೆ ಮರುಕವಿಲ್ಲ. ಇಂದಿನ ನೆರೆಮನೆಯವರ ಬೆನ್ನಿಗೆ ಅವರಿಗೊಂದು ಬೆತ್ತ ಬೇಕು, ಅಷ್ಟೆ. ಆತ ಕಂಪನಿಗೆ ಮಣಿಯದ ದೊರೆ, ನಿಜ. ಕೆಲವರ ಮೇಲಿನ ಶಂಕೆಗೆ ಇಡೀ ಸಮುದಾಯವನ್ನು ದಂಡಿಸಿದನೆಂಬುದೂ ನಿಜ. ಆ ಹೊಣೆ ಅರಸನದು. ಅವನ ಮತದವರೆಂಬ ಕಾರಣಕ್ಕೆ ಬಂದರಿನ ವ್ಯಾಪಾರಿಯ ತಲೆಗೆ ಅದನ್ನು ಕಟ್ಟುವವರು, ಕೆಲವರ ತಪ್ಪಿಗೆ ಎಲ್ಲರನ್ನೂ ದಂಡಿಸುವ ಅದೇ ನ್ಯಾಯವನ್ನು ಮತ್ತೆ ನಡೆಸುತ್ತಾರೆ.

"ಹಳೆಯ ಹುಣ್ಣು ಕೆರೆಯುವುದೇಕೆ?" ಎಂಬ ಸಾತ್ವಿಕರೂ ಇದ್ದಾರೆ. ಸ್ವಾಮೀ, ತೊಳೆಯದೆ ಬಟ್ಟೆ ಸುತ್ತಿದ ಹುಣ್ಣು ಮಾಯುವುದಿಲ್ಲ, ಕೀವಾಗುತ್ತದೆ. ಹಿರೋಷಿಮಾದ ಜನ 1945ರ ಬಾಂಬಿಗೆ ಸಿಕ್ಕಿ ಅಸ್ಥಿಪಂಜರವಾದ ಕಟ್ಟಡವೊಂದನ್ನು ಹಾಗೆಯೇ ಉಳಿಸಿ ಬಂದವರಿಗೆಲ್ಲ ತೋರಿಸುತ್ತಾರೆ. ಅದನ್ನು ಕಂಡವರು ಅಮೆರಿಕನ್ನರನ್ನು ಬಡಿಯಲು ಹೊರಡುವುದಿಲ್ಲ. ಯುದ್ಧವನ್ನು ಶಪಿಸಿ ಮರಳುತ್ತಾರೆ.

ಮುತ್ತಿಗೆ ನಡೆದ ಕೋಟೆ ಇಂದಿಲ್ಲ. ಆ ವರ್ಷದ ಸಾಕ್ಷಿಯಾಗಿ ಬತ್ತೇರಿ ನಿಂತಿದೆ. ಮುಂದಿನ ಸಲ ನೆಂಟರು ಬಂದಾಗ ಅದನ್ನು ತೋರಿಸಿ, ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನೂ ತೋರಿಸೋಣ. ಕೋಟೆಯೊಳಗೆ ಹಸಿದ ಸಿಪಾಯಿಯ ಕಥೆಯನ್ನೂ ಘಟ್ಟ ಹತ್ತಿದ ತಾಯಂದಿರ ಕಥೆಯನ್ನೂ ಒಂದೇ ಉಸಿರಿನಲ್ಲಿ ಹೇಳೋಣ. ಅಷ್ಟು ಧೈರ್ಯವಿಲ್ಲದಿದ್ದರೆ ನೇರವಾಗಿ ತಣ್ಣೀರುಬಾವಿಗೇ ಕರೆದೊಯ್ಯುವುದು ಲೇಸು. ಕಡಲನ್ನು ಕುರಿತಾದರೂ ಅರ್ಧಸತ್ಯ ಹೇಳಬೇಕಾಗಿಲ್ಲ.