ಗುಂಡಿ ಹಾಕಿದ ಕೈ
ಸಿನಿಮಾದಲ್ಲಿ ಅಂಗವಿಕಲ ನಾಯಕನಿಗೆ ಪ್ರೀತಿ ಸಿಕ್ಕಿತೆಂದರೆ ನನಗೆ ಭಯ: ಕೊನೆಯ ರೀಲಿನಲ್ಲಿ ಹೋದ ಕಣ್ಣು ಬಂದುಬಿಡುತ್ತದೆ, ಇಲ್ಲವೇ ಆಸಾಮಿ ತ್ಯಾಗ ಮಾಡಿ ಸತ್ತುಹೋಗುತ್ತಾನೆ. 1946ರಲ್ಲಿ ವಿಲಿಯಂ ವೈಲರ್ ತೆಗೆದ ಅಮೆರಿಕದ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ನಲ್ಲಿ ಎರಡೂ ಇಲ್ಲ. ಯುದ್ಧದಿಂದ ಮರಳಿದ ನಾವಿಕ ಹೋಮರ್‌ಗೆ ಕೈಗಳ ಜಾಗದಲ್ಲಿ ಉಕ್ಕಿನ ಕೊಕ್ಕೆಗಳಿವೆ. ಅದರಲ್ಲೇ ಬೆಂಕಿಕಡ್ಡಿ ಗೀರುತ್ತಾನೆ, ತಮಾಷೆ ಮಾಡುತ್ತಾನೆ. ಮದುವೆಯಾಗಬೇಕಿದ್ದ ಪಕ್ಕದ ಮನೆಯ ವಿಲ್ಮಾಳಿಂದ ಮಾತ್ರ ದೂರ ದೂರ. ಒಂದು ರಾತ್ರಿ ಅವಳನ್ನು ಕೋಣೆಗೆ ಕರೆದೊಯ್ದು, ಮಲಗುವ ಮುಂಚೆ ಕೊಕ್ಕೆಗಳ ಪಟ್ಟಿ ಹೇಗೆ ಕಳಚುತ್ತೇನೆಂದು ತೋರಿಸುತ್ತಾನೆ. ಆಮೇಲೆ ಗಾಳಿಗೆ ಬಾಗಿಲು ಮುಚ್ಚಿಕೊಂಡರೆ ತೆಗೆಯಲೂ ತನ್ನಿಂದಾಗದು ಎನ್ನುತ್ತಾನೆ. ಹೆದರಿ ಹೋಗುವುದಾದರೆ ಈಗಲೇ ಹೋಗಲಿ ಎಂಬ ಲೆಕ್ಕ. ಅವಳು ಅಂಗಿಯ ಗುಂಡಿ ಹಾಕುತ್ತಾಳೆ, ಹೊದಿಕೆ ಹೊದಿಸುತ್ತಾಳೆ. ಹೋಮರ್ ಆಗಿದ್ದ ಹೆರಾಲ್ಡ್ ರಸೆಲ್ ವೃತ್ತಿನಟನೇ ಅಲ್ಲ. 1944ರಲ್ಲಿ ಸೇನೆಯಲ್ಲಿದ್ದಾಗ ಸ್ಫೋಟವೊಂದರಲ್ಲಿ ನಿಜಕ್ಕೂ ಕೈಗಳನ್ನು ಕಳೆದುಕೊಂಡವರು. ಆ ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಬಂದವು. ನನಗೆ ಅದಕ್ಕಿಂತ ಮದುವೆಯ ದೃಶ್ಯವೇ ನೆನಪು: ಕೊಕ್ಕೆಯ ತುದಿಯಲ್ಲಿ ಉಂಗುರ ಹಿಡಿದು ಅವಳ ಬೆರಳಿಗೆ ತೊಡಿಸುವಾಗ ನಾವೂ ಉಸಿರು ಬಿಗಿಹಿಡಿದಿರುತ್ತೇವೆ.